ಗೌಸನ ಮರಕ್ಕೆ ಕಟ್ಟಿದ ಕೊಡೆ

ಹಾಂ ಹಾಂ, ಮುಟ್ಟಬೇಡ ಗೌಸ್! ಬೇರೆ ಎಲ್ಲಿ ಬೇಕಾದ್ರೂ ಮುಟ್ಟು, ನಿನ್ನ ಪಾಮ್ ಮರದ ಆ ಸುಳಿ ಮಾತ್ರ ಬೇಡ ಮಾರಾಯ… ಆ ಒಂದು ಹಸಿರು ಎಳೆ ಹೊರಗೆ ಬರೋ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ಈ ಕಡೆಯಿಂದ ನೋಡು. ಕಪ್ಪು ಗೆರೆ ಕಾಣ್ತಾ? ಮಾರ್ಕರ್ ಪೆನ್ನಿಂದು. ಹೋದ ಭಾನುವಾರ ಎಳೆ ಮೇಲೆ, ಪಕ್ಕದ ದಂಟಿನ ಮಟ್ಟಕ್ಕೆ ಸರಿಯಾಗಿ ಹಾಕಿದ್ದೆ. ಈಗ? ಎರಡಿಂಚು ಮೇಲೆ! ಎರಡಿಂಚು ಕಣಯ್ಯಾ!

ಯಾಕೆ ನಗ್ತೀಯ? ಓ, ಕೊಡೆ ನೋಡಿನಾ… ನಗು, ನಗು. ಇಡೀ ಬೀದಿ ನಕ್ಕಾಗಿದೆ. ಅಲಮೇಲುದು ಅದು. ಸುಳಿಯೊಳಗೆ ನೀರು ನಿಂತ್ರೆ ಕೊಳೆಯುತ್ತೆ ಅಂತ ನರ್ಸರಿಯವನು ಹೆದರಿಸಿದ. ತಗೊಂಡು ಬಂದು ಕಟ್ಟೇಬಿಟ್ಟೆ. ಎರಡು ತಿಂಗಳು ನನ್ನ ಹೆಂಡತಿ ಕೊಡೆ ಇಲ್ಲದೆ ನಮ್ಮ ಹಿಕ್ಸ್‌ವಿಲ್ ಸ್ಟೇಷನ್ನಿಗೆ ನೆನಕೊಂಡು ಹೋಗಿ ಟ್ರೈನ್ ಹಿಡಿದಳು, ನಿನ್ನ ಪಾಮ್ ಮಹಾರಾಯ ಇಲ್ಲಿ ಒದ್ದೆಯಾಗದೆ ನಿಂತಿದ್ದ!

ನಿಮ್ಮ ಅಮ್ಮಿ ಈಗ ಚೆನ್ನಾಗಿ ನಡೀತಾರೆ ತಾನೆ? ಸೊಂಟದ ಆಪರೇಷನ್ ಅಂದ್ರೆ ಸುಮ್ನೆ ಅಲ್ಲ… ನೀನು ನಾಲ್ಕು ತಿಂಗಳು ಮೈಸೂರಲ್ಲಿ ಇದ್ದಿದ್ದು ಒಳ್ಳೇದೇ ಆಯ್ತು. ಹಾಂ, ಮರದ ವಿಷಯ. ಹೇಳ್ತೀನಿ, ಹೇಳ್ತೀನಿ.

ನೀನು ಹೊರಡೋ ದಿನ ಕಂಬಳಿ ಸುತ್ತಿ, ಒಳಗೆ ಬೆಚ್ಚಗಿರಲಿ ಅಂತ ಬಲ್ಬಿನ ಸರ ಹಾಕಿ, "ಬದರಿ, ಮಾರ್ಚ್ ತನಕ ಬಿಚ್ಚಬೇಡ" ಅಂದಿದ್ದೆ. ಸರಿ. ಬಿಚ್ಚಲಿಲ್ಲ. ಗಾಳಿ ಕಣೋ! ಜನವರಿ ಕೊನೇಲಿ ಒಂದು ಗಾಳಿ ಬಂತು ನೋಡು… ಕಂಬಳಿ, ಬಲ್ಬು, ಎಲ್ಲ ಕಿತ್ಕೊಂಡು ಹೋಯ್ತು. ಆರು ಡಿಗ್ರಿ! ಸೆಲ್ಸಿಯಸ್ ಅಲ್ಲ, ನಮ್ಮ ಇಲ್ಲಿನ ಫ್ಯಾರನ್‌ಹೀಟು, ನೀರು ಕಲ್ಲಾಗೋ ಚಳಿ. ಎರಡು ವಾರ ಕಳೆಯೋದ್ರೊಳಗೆ ಎಲೆಗಳೆಲ್ಲ ಚಹಾ ಸೊಪ್ಪಿನ ಬಣ್ಣ. ಫೆಬ್ರವರೀಲಿ ಸುಳೀನ ಮೆಲ್ಲಗೆ ಎಳೆದೆ… ಕೈಗೇ ಬಂದ್ಬಿಡ್ತು ಗೌಸ್. ಬುಡ ಲೊಳಲೊಳ. ಆ ವಾಸನೆ! ಇಲ್ಲೇ, ಹಿಮದ ಮೇಲೆ ಕೂತ್ಬಿಟ್ಟೆ.

ಆಮೇಲೆ? ಆಮೇಲೆ ಶುಶ್ರೂಷೆ! ಗಾಯಕ್ಕೆ ಹಾಕೋ ಪೆರಾಕ್ಸೈಡ್ ಇದೆಯಲ್ಲ, ಅದನ್ನ ಸುಳಿಗುಂಡಿಗೆ ಹುಯ್ದೆ. ಸೋಡಾ ಥರ ನೊರೆ ಉಕ್ಕಿತು. ಒಳಗೆ ಕೊಳೆತಿದ್ದೆಲ್ಲ ಮೇಲೆ ಬಂತು. ಒರೆಸಿದೆ, ಒಣಗಿಸಿದೆ, ತಾಮ್ರದ ಔಷಧಿ ಹೊಡೆದೆ. ವಾರಕ್ಕೊಂದು ಸಲ ಇದೇ. ಪೂರ್ತಿ ಸತ್ತ ಎಲೆ ಮಾತ್ರ ಕತ್ತರಿಸಿದೆ, ಅರ್ಧ ಹಸಿರು ಇರೋದನ್ನ ಬಿಟ್ಟೆ, ಅದೇ ಅಲ್ವಾ ಅದಕ್ಕೆ ಊಟ ಹಾಕೋದು. ಮಾರ್ಚ್ ಆಯ್ತು, ಇಲ್ಲ. ಏಪ್ರಿಲ್ ಆಯ್ತು, ಇಲ್ಲ. "ಬಿಟ್ಬಿಡಿ, ಹೋಗಿದೆ" ಅಂದಳು ಅಲಮೇಲು. ನಾನು ಬಿಡಲಿಲ್ಲ!

ಏನು? ಯಾವ ದಿನಾನಾ? ಗಾಳಿ ಬಂದಿದ್ದಾ? ಅದೇ… ಜನವರಿ ಇಪ್ಪತ್ತು, ಇಪ್ಪತ್ತೈದು… ಶನಿವಾರ ಇರಬೇಕು. ದಿನ ಯಾಕಪ್ಪ ನಿನಗೆ? ಕಾಫಿ ಕುಡಿಯೋಣ ನಡಿ.

ಬರಲ್ವಾ?

ಗೌಸ್. ಹಾಗೆ ನೋಡಬೇಡ. ಬೈಯೋದಿದ್ರೆ ಬೈದುಬಿಡು… ಗಾಳಿ ಏನೋ ಬಂತು. ಗಾಳಿ ಬಂದಿದ್ದು ನಿಜ. ಆದ್ರೆ… ಆದ್ರೆ ಕಂಬಳಿ ಬಿಚ್ಚಿದ್ದು ನಾನು. ಸರಿ, ಹೇಳಿಬಿಟ್ಟೆ! ಅವತ್ತು ಮನೆಗೆ ಜನ ಬರೋರಿದ್ರು. ಬಿಳೀ ಕಂಬಳಿ, ಮೇಲಿಂದ ಕೆಳಗೆ ಹಗ್ಗ… ನಮ್ಮ ಡ್ರೈವ್‌ವೇ ಪಕ್ಕ ಹೆಣ ನಿಲ್ಲಿಸಿದ ಹಾಗೆ ಕಾಣ್ತಿತ್ತು ಕಣೋ! ಬಂದೋರು ಏನಂದ್ಕೋತಾರೋ ಅಂತ ಊಟ ಮುಗಿಯೋ ತನಕ ಮಾತ್ರ ಬಿಚ್ಚಿಟ್ಟೆ. ಆಮೇಲೆ ಖುಷೀಲಿ ಮರೆತೇಹೋಯ್ತು. ಆ ಚಳಿಗಾಳೀಲಿ ಎರಡು ದಿನ ಮರೆತೇಹೋಯ್ತು.

ನಗ್ತಿದೀಯ! ಅಬ್ಬ… ಹೆಣ ಅಂದಿದ್ದಕ್ಕಾ? ನಗು ಮಾರಾಯ, ನಗು.

ಮತ್ತೆ ಯಾಕೆ ನಮ್ಮ ಮನೆ ಕಡೆ ನೋಡ್ತೀಯ?

ಯಾರು ಬಂದಿದ್ರು ಅಂತ ಕೇಳ್ತಾ ಇಲ್ಲ ನೀನು. ಬಾಯಿಬಿಟ್ಟು ಕೇಳಬಾರದಾ… ಫೋರ್ಟ್ ಲೀ ಊರಿಂದ ಬಂದಿದ್ರು. ಅತುಲ್ ಅಂತ ಹುಡುಗ, ಅವನ ಅಪ್ಪ ಅಮ್ಮ. ನಮ್ಮ ಸಾನ್ವಿ ಎರಡು ವರ್ಷದಿಂದ… ಇಬ್ಬರೂ ಇಷ್ಟಪಟ್ಟಿದ್ರು. ಅವತ್ತೇ ಮಾತಾಯ್ತು. ಅಕ್ಟೋಬರಲ್ಲಿ ಮದುವೆ.

ನಿನಗೆ ಹೇಳಲಿಲ್ಲ. ನಾಲ್ಕು ತಿಂಗಳು, ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡಿದ್ರೂ ಹೇಳಲಿಲ್ಲ. ಹೇಳಿದ್ರೆ ಯಾವತ್ತು ಅಂತೀಯ, ಯಾವತ್ತು ಅಂದ್ರೆ ಮರದ ಗುಟ್ಟು ಹೊರಗೆ… ಸಾನ್ವಿ ದಿನಾ ಕೇಳೋಳು, "ಡ್ಯಾಡ್, ಕ್ಯಾನ್ ಐ ಟೆಲ್ ಗೌಸ್ ಅಂಕಲ್?" ಅಂತ. ನಾನೇ ಎದುರಿಗೆ ಹೇಳ್ತೀನಿ, ಸರ್‌ಪ್ರೈಸ್ ಅಂತ ಅವಳ ಬಾಯಿ ಮುಚ್ಚಿಸಿದ್ದೆ. ನಾನು ಪಕ್ಕದಲ್ಲಿ ಕೂತ್ರೆ ಕಿರುಚ್ತೀನಿ ಅಂತ ನಿನ್ನ ಕಾರಲ್ಲಿ ಡ್ರೈವಿಂಗ್ ಕಲಿತ ಹುಡುಗಿ ಅವಳು… ತಪ್ಪಾಯ್ತು ಗೌಸ್. ಮರ ಸಾಯ್ಲಿ, ಇದು ತಪ್ಪಾಯ್ತು.

ಫೋನ್ ಯಾಕೆ ತೆಗೀತಿದೀಯ? ಸಾನ್ವಿಗಾ? ಎತ್ತುತ್ತಾಳೆ, ನಿನ್ನ ಹೆಸರು ಕಂಡ್ರೆ ಮೀಟಿಂಗ್ ಬಿಟ್ಟಾದ್ರೂ ಎತ್ತುತ್ತಾಳೆ. ನಾನಿಲ್ಲ ಅನ್ನು… ಬೇಡ, ಇಲ್ಲೇ ಇದಾನೆ ಅನ್ನು. ಸುಳ್ಳು ಸಾಕು. ನೋಡು, ಎತ್ತಿದಳು! ಮಾತಾಡು, ಎಷ್ಟು ಹೊತ್ತಾದ್ರೂ ಮಾತಾಡು. ನಾನು ಬಾಯಿ ಮುಚ್ಕೊಂಡು ಇಲ್ಲೇ ನಿಂತಿರ್ತೀನಿ.