ನೀರಿಗಿಳಿಸದ ನವಿಲುನೀಲಿ

ಮೊದಲು, ನಮ್ಮ ಶಾಯಿ ಅಣ್ಣನನ್ನು ಕಳೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅತ್ತಿಗೆಯ ಕೈ ಹಿಡಿದುಕೊಂಡು ಕೂತಿರುವ ಅವರ ಮಗಳಿಗೆ ನಮಸ್ಕಾರ. ಕಚೇರಿಯ ಹಳಬರಿಗೆ, ಹೊಸಬರಿಗೆ, ವೇದಿಕೆಯ ಮೇಲಿರುವ ಸಾಹೇಬರಿಗೆ ಆಮೇಲೆ.

ಮೈಕು ಸ್ವಲ್ಪ ಕೆಳಗೆ ಮಾಡಪ್ಪ — ಬೇಡ, ಬಿಡು. ನನ್ನ ದನಿಗೆ ಮೈಕು ಬೇಕಿಲ್ಲ ಎಂದು ಈ ಕಚೇರಿಯ ಗೋಡೆಗಳಿಗೂ ಗೊತ್ತು.

ನಾನು ಓದಿದ್ದು ಹತ್ತನೇ ತರಗತಿ. ಗಂಡ ತೀರಿಕೊಂಡ ಮೇಲೆ ಈ ಜನನ-ಮರಣ ನೋಂದಣಿ ಕಚೇರಿಗೆ ನಕಲು ಬರೆಯಲು ಬಂದೆ. ಇಪ್ಪತ್ತೊಂಬತ್ತು ವರ್ಷ ಬರೆದೆ. ನಾವು ಯಾರಿಗಾಗಿ ಇಂದು ಸೇರಿದ್ದೇವೋ ಆ ನಮ್ಮ ಶಾಯಿ ಅಣ್ಣನ ಮೇಜಿಗೂ ನನ್ನ ಮೇಜಿಗೂ ನಡುವೆ ಇದ್ದದ್ದು ಒಂದು ಕಿಟಕಿ ಮಾತ್ರ. ಅದಕ್ಕೇ ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ದೊಡ್ಡಕ್ಕ, ನೀವು ಎರಡು ಒಳ್ಳೆ ಮಾತು ಆಡಬೇಕು" ಎಂದ. ಬರೆದುಕೊಂಡು ಬಂದಿದ್ದೆ. ಸರಳ ಜೀವಿ, ಮಿತಭಾಷಿ, ಅಜಾತಶತ್ರು — ಎಲ್ಲ ಇದೆ ಇದರಲ್ಲಿ. ಈ ಕಾಗದವನ್ನು ಈಗ ಮಡಚಿ ಇಡುತ್ತಿದ್ದೇನೆ.

ಯಾಕೆ ಎಂದರೆ, ಕಾಲು ಗಂಟೆಯ ಹಿಂದೆ ಸಾಹೇಬರು ಸಂತಾಪ ನಿರ್ಣಯ ಓದಿದರು. ನಾವೆಲ್ಲ ರುಜು ಹಾಕಿ, ಅದು ಅಣ್ಣನ ಸೇವಾ ಕಡತಕ್ಕೆ ಕೊನೆಯ ಹಾಳೆಯಾಗಿ ಸೇರುತ್ತದೆ. ಅದರಲ್ಲೊಂದು ಸಾಲು ಇತ್ತು. "ಶಾಯಿಯ ಆಯ್ಕೆಯಲ್ಲಿ ಆದ ಒಂದು ಲೋಪವನ್ನು ಬಿಟ್ಟರೆ ಮೃತರ ಸೇವೆ ಕಳಂಕರಹಿತವಾಗಿತ್ತು."

ಬಿಟ್ಟರೆ!

ಸಾಹೇಬರೇ, ನಿಮ್ಮ ಮೇಲೆ ನನಗೆ ಕೋಪವಿಲ್ಲ. ನೀವು ಹಳೆಯ ಕಡತ ನೋಡಿ ಬರೆದಿದ್ದೀರಿ. ಆದರೆ ಆ ಸಾಲು ಓದುವಾಗ ಈ ಹಳಬರೆಲ್ಲ ತಲೆಯಾಡಿಸಿದರಲ್ಲ — "ಪಾಪ, ಏನೋ ಆಗಿಹೋಯಿತು" ಎನ್ನುವ ಹಾಗೆ — ಅದನ್ನು ನೋಡಿ ನನ್ನ ಮೈ ಉರಿಯಿತು. ಇನ್ನೂ ಉರಿಯುತ್ತಿದೆ.

ಹೊಸ ಮಕ್ಕಳಿಗೆ ಇದು ಅರ್ಥವಾಗಲಿಕ್ಕಿಲ್ಲ. ನೀವು ಗುಂಡಿ ಒತ್ತುತ್ತೀರಿ, ಯಂತ್ರ ಅಚ್ಚು ಹಾಕುತ್ತದೆ. ಆಗ ಹಾಗಿರಲಿಲ್ಲ. ಮಗು ಹುಟ್ಟಿದರೆ ಒಂದು ಸಾಲು, ಮನುಷ್ಯ ಸತ್ತರೆ ಒಂದು ಸಾಲು, ಎರಡೂ ಇಂಕು ಪೆನ್ನಿನಲ್ಲಿ, ಕೈಯಲ್ಲಿ. ಯಾವ ಬಣ್ಣದ ಇಂಕು ಎಂಬುದು ಮರ್ಜಿಯ ಮಾತಾಗಿರಲಿಲ್ಲ. ತಿದ್ದುಪಡಿಗೆ ಕೆಂಪು. ಸಾಹೇಬರ ರುಜುವಿಗೆ ಹಸಿರು. ನಮೂದಿಗೆ ನೀಲಿಗಪ್ಪು. ಈ ನೀಲಿಗಪ್ಪು ಇದೆಯಲ್ಲ, ಅದು ಬಹಳ ಬಿಗುಮಾನದ ಇಂಕು. ಬರೆಯುವಾಗ ಮಂಕಾಗಿ, ತೊಳೆದ ಹಾಗೆ ಕಾಣುತ್ತದೆ. ವಾರ ಕಳೆದ ಮೇಲೆ ಕಾಗದದೊಳಗೇ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಬಕೆಟ್ಟು ನೀರು ಸುರಿಯಿರಿ, ಅಲ್ಲಾಡುವುದಿಲ್ಲ.

ಆದರೆ ಎಲ್ಲ ಸೀಸೆಯ ನೀಲಿಗಪ್ಪೂ ಒಂದೇ ಅಲ್ಲ. ಪ್ರತಿ ವರ್ಷ ಹೊಸ ರಿಜಿಸ್ಟರ್ ತೆರೆಯುವ ಮುಂಚೆ ಅಂಗಡಿಗಳಿಂದ ನಾಲ್ಕೈದು ಮಾದರಿ ಸೀಸೆ ಬರುತ್ತಿದ್ದವು. ಅಣ್ಣ ರಿಜಿಸ್ಟರಿನದೇ ಕಾಗದವನ್ನು ಬೆರಳಗಲ ಚೀಟಿ ಮಾಡಿ ಕತ್ತರಿಸುತ್ತಿದ್ದರು. ಪ್ರತಿ ಇಂಕಿಗೆ ಎರಡು ಚೀಟಿ. ಚೀಟಿಯ ಮೇಲೆ ಏನು ಬರೆಯುತ್ತಿದ್ದರು ಗೊತ್ತೇ? ನಮ್ಮ ಹೆಸರು. ಗುಮಾಸ್ತರೆಲ್ಲರ ಹೆಸರು. ಒಂದು ಚೀಟಿ ಒಂದು ತಿಂಗಳು ಕಿಟಕಿಯ ಬಿಸಿಲಿಗೆ. ಇನ್ನೊಂದು ಬೆಳಗಿನಿಂದ ಸಂಜೆಯವರೆಗೆ ಬೋಗುಣಿಯ ನೀರಿಗೆ.

"ಏನಣ್ಣಾ, ಬೆಳಗಾಗೆದ್ದು ನನ್ನನ್ನ ಮುಳುಗಿಸ್ತಿದ್ದೀರಿ?" ಎಂದರೆ, "ಹೆದರ್ಬೇಡ ತಂಗಿ, ನಿನ್ನ ಹೆಸರಿಗೆ ಈಜು ಬರುತ್ತೆ" ಎನ್ನುತ್ತಿದ್ದರು. ಹೆಡ್ ಗುಮಾಸ್ತರ ಹೆಸರು ಒಂದು ವರ್ಷ ಅರ್ಧ ಕರಗಿಹೋಯಿತು. "ಸಾರ್, ನಿಮ್ಮ ಸೊಂಟದ ಮೇಲೆ ಮಾತ್ರ ಉಳಿದಿದೆ" ಎಂದು ಅಣ್ಣ ಚೀಟಿ ಎತ್ತಿ ತೋರಿಸಿದ್ದು — ಹೀಗೆ, ಎರಡು ಬೆರಳಲ್ಲಿ — ನೆನಪಿದೆಯೇ? ನಗಬಹುದು. ನಗಿ. ಆ ಮನುಷ್ಯ ನಮ್ಮನ್ನು ನಗಿಸುತ್ತಿದ್ದರು. ಆಮೇಲೆ ನಾವು ಅವರನ್ನು ನೋಡಿ ನಕ್ಕೆವು. ಎರಡೂ ಒಂದೇ ನಗು ಅಲ್ಲ.

ಆ ವರ್ಷದ ವಿಷಯಕ್ಕೆ ಬರುತ್ತೇನೆ.

ಅತ್ತಿಗೆಗೆ ಆಪರೇಷನ್ ಆಗಿತ್ತು. ಅಣ್ಣ ಎರಡು ತಿಂಗಳು ರಜೆ ಹಾಕಿ ಆಸ್ಪತ್ರೆಯಲ್ಲಿದ್ದರು. ಅದೇ ಹೊತ್ತಿಗೆ ಮಾದರಿ ಸೀಸೆಗಳು ಬಂದವು. ಅದರಲ್ಲೊಂದು ನವಿಲುನೀಲಿ. ಏನು ಬಣ್ಣ! ಸೀಸೆಯನ್ನು ಬೆಳಕಿಗೆ ಹಿಡಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಆಗಿನ ಸಾಹೇಬರು ಬರೆದು ನೋಡಿ, "ಇಷ್ಟು ವರ್ಷ ಕಾಗೆ ಪುಕ್ಕ ನೋಡಿ ನೋಡಿ ಸಾಕಾಗಿತ್ತು ಕಣ್ರೀ. ಇದೇ ಇರಲಿ" ಎಂದರು. ಆದರೂ ಪರೀಕ್ಷೆಯ ಹಾಳೆಯ ಮೇಲೆ "ಬಿಸಿಲಲ್ಲೂ ನೀರಲ್ಲೂ ನೋಡಲಾಗಿದೆ" ಎಂಬ ಷರಾ ಇಲ್ಲದೆ ಖರೀದಿ ಆಗುವಂತಿರಲಿಲ್ಲ. ಷರಾ ಇತ್ತು. ಇಂಕು ಬಂತು. ಅಣ್ಣ ರಜೆಯಿಂದ ಬರುವ ಹೊತ್ತಿಗೆ ಹೊಸ ರಿಜಿಸ್ಟರಿನಲ್ಲಿ ನಲವತ್ತು ಪುಟ ನವಿಲುನೀಲಿ ತುಂಬಿತ್ತು. ಅವರು ಬೆರಳನ್ನು ಎಂಜಲು ಮಾಡಿ ಒಂದು ಅಕ್ಷರದ ಅಂಚಿಗೆ ಒತ್ತಿದರು. ಬೆರಳು ನೀಲಿಯಾಯಿತು. ನೇರ ಸಾಹೇಬರ ಕೋಣೆಗೆ ಹೋದರು. "ವರ್ಷಕ್ಕಾಗುವಷ್ಟು ತರಿಸಿ ಆಗಿದೆ. ನಿಮ್ಮ ವಿಭಾಗದವರೇ ನೋಡಿ ಷರಾ ಬರೆದಿದ್ದಾರಲ್ಲ, ಹೋಗಿ ಕೆಲಸ ನೋಡಿ" ಎಂದು ಅವರು ಹೊರಗೆ ಕಳಿಸಿದರು.

ಎಂಟು ತಿಂಗಳ ಮೇಲೆ ಮಹಡಿಯ ನೀರಿನ ಪೈಪು ಒಡೆಯಿತು. ಸೋಮವಾರ ಬಾಗಿಲು ತೆಗೆದರೆ ಕಪಾಟಿನ ತುಂಬ ನೀರು. ನಲವತ್ತು ವರ್ಷ ಹಳೆಯ ರಿಜಿಸ್ಟರುಗಳು ಒದ್ದೆಯಾದವು, ಉಬ್ಬಿದವು, ಒಣಗಿದವು — ಒಂದು ಅಕ್ಷರ ಅಳಿಸಲಿಲ್ಲ. ಆ ವರ್ಷದವನ್ನು ತೆರೆದರೆ ಪುಟ ಪುಟವೂ ತಿಳಿನೀಲಿ. ಹೆಸರಿಲ್ಲ, ತಾರೀಖಿಲ್ಲ, ತಾಯಿಯಿಲ್ಲ, ತಂದೆಯಿಲ್ಲ.

ವಿಚಾರಣೆ ನಡೆಯಿತು. ಒಂದೇ ಪ್ರಶ್ನೆ. "ಇಂಕು ಪರೀಕ್ಷೆ ಯಾರ ಹೊಣೆ?" ಅಣ್ಣ ಎದ್ದು ನಿಂತರು. "ನನ್ನದು ಸಾರ್." ಅಷ್ಟೇ. ರಜೆಯಲ್ಲಿದ್ದೆ ಎನ್ನಲಿಲ್ಲ. ಷರಾದ ಕೆಳಗೆ ಯಾರ ರುಜು ಇದೆ ನೋಡಿ ಎನ್ನಲಿಲ್ಲ. ಸಾಹೇಬರಿಗೂ ಹಾಳೆ ತೆಗೆಯುವುದು ಬೇಕಿರಲಿಲ್ಲ. ತೆಗೆದರೆ ಅವರ ಹಸಿರು ರುಜುವೂ ಹೊರಗೆ ಬರುತ್ತಿತ್ತು. ಅಣ್ಣನನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿಸಿದರು. ಹನ್ನೊಂದು ವರ್ಷ! ಕಿಟಕಿ ಇಲ್ಲದ ಕೋಣೆಯಲ್ಲಿ, ಬಿಸಿಲಿಗೆ ಚೀಟಿ ಕಟ್ಟುತ್ತಿದ್ದ ಮನುಷ್ಯ.

ಶಾಯಿ ಅಣ್ಣ ಎನ್ನುತ್ತಿದ್ದವರು ಆಮೇಲೆ ಏನೆಂದು ಕರೆದಿರಿ? ಹೇಳಿ. ಈಗ ಯಾಕೆ ಬಾಯಿ ಕಟ್ಟಿದೆ? ನೀರು ಗುಮಾಸ್ತ! "ಬಾಯಾರಿಕೆನಾ? ಕೆಳಗೆ ಹೋಗಿ, ನೀರು ಗುಮಾಸ್ತ ರಿಜಿಸ್ಟರ್ ಹಿಂಡಿ ಕೊಡ್ತಾನೆ" — ಈ ಮಾತು ಆಡಿದವರು ಇಂದು ಮೂರನೇ ಸಾಲಿನಲ್ಲಿ ಬಿಳಿ ಹೂ ಹಿಡಿದು ಕೂತಿದ್ದಾರೆ. ತಲೆ ತಗ್ಗಿಸಬೇಡಿ, ಗುರುತು ಹೇಳುವುದಿಲ್ಲ. ಆ ದಿನ ನಾನೂ ನಕ್ಕಿದ್ದೆ.

ಆ ನೀರು ಗುಮಾಸ್ತ ಏನು ಮಾಡುತ್ತಿದ್ದರು ಎಂದು ನೀವು ಯಾರಾದರೂ ಕೇಳಿದಿರಾ? ನಾಲ್ಕು ವರ್ಷ, ಒಂದು ಭಾನುವಾರವೂ ಬಿಡದೆ, ಮನೆ ಮನೆ ತಿರುಗಿದರು. ಆಸ್ಪತ್ರೆಗೆ, ಸೂಲಗಿತ್ತಿಯರ ಹತ್ತಿರ, ಹೆಣ ಸಾಗಿಸುವ ಗಾಡಿಯವರ ಹತ್ತಿರ. "ಅಮ್ಮಾ, ನಿಮ್ಮನೇಲಿ ಆ ವರ್ಷ ಮಗು ಹುಟ್ಟಿತ್ತಾ? ಯಾರಾದ್ರೂ ತೀರ್ಕೊಂಡ್ರಾ?" ಯಾರು ಸುಮ್ಮನಿರುತ್ತಾರೆ? ಬೈದರು. ನಾಯಿ ಬಿಟ್ಟರು. ಒಂದು ಮನೆಯಲ್ಲಿ ಒಬ್ಬ ಹೆಂಗಸು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳಂತೆ: "ನನ್ನ ಮಗು ಒಂಬತ್ತು ದಿನ ಇತ್ತು. ಹುಟ್ಟಿದ್ದೂ ನಿಮ್ಮ ಪುಸ್ತಕದಲ್ಲೇ, ಹೋಗಿದ್ದೂ ನಿಮ್ಮ ಪುಸ್ತಕದಲ್ಲೇ. ಈಗ ಪುಸ್ತಕಾನೇ ತೊಳೆದುಹೋಯ್ತು ಅಂದ್ರೆ, ನನಗೊಂದು ಮಗು ಇತ್ತು ಅಂತ ಯಾರಪ್ಪಾ ಹೇಳ್ತಾರೆ?" ಅಣ್ಣ ಅವಳ ಜಗುಲಿಯಲ್ಲೇ ಕೂತು, ಚೀಲದಿಂದ ಸೀಸೆ ತೆಗೆದು, ನೀಲಿಗಪ್ಪಿನಲ್ಲಿ ಎರಡೂ ಸಾಲು ಬರೆದುಕೊಂಡು ಬಂದರು. ಮರುದಿನ ಊಟದ ಹೊತ್ತಿನಲ್ಲಿ ಮೇಲೆ ಬಂದು ಇದನ್ನು ನನಗೆ ಹೇಳಿದರು. ನನಗೊಬ್ಬಳಿಗೇ ಹೇಳಿದರು.

ನಾನು ಊಟ ಮುಂದುವರಿಸಿದೆ.

ಆ ಷರಾ ಬರೆದವಳು ನಾನು.

ಗುಸುಗುಸು ನಿಲ್ಲಿಸಿ. ಪೂರ್ತಿ ಕೇಳಿ. ನಾಲ್ಕನೇ ಸಾಲಿನಲ್ಲಿ ನನ್ನ ಮಕ್ಕಳಿದ್ದಾರೆ, ಸೊಸೆಯರಿದ್ದಾರೆ, ಮೊಮ್ಮಗಳಿದ್ದಾಳೆ. ನೀವೂ ಕೇಳಿ. ನಮ್ಮ ಹನ್ನೊಂದು ಜನರ ಮನೆಯಲ್ಲಿ ನಾನು ಆಡಿದ್ದೇ ಮಾತು. ಅಮ್ಮ ತಪ್ಪು ಮಾಡುತ್ತಾಳೆ ಎಂಬುದು ನಿಮಗೆ ಇವತ್ತಿನವರೆಗೂ ಗೊತ್ತಿಲ್ಲ. ಗೊತ್ತಾಗಲಿ.

ಅಣ್ಣ ರಜೆಗೆ ಹೋಗುವಾಗ ಬೋಗುಣಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. "ತಂಗಿ, ನಿನ್ನ ಕೈಲಿ ಕೊಟ್ಟು ಹೋಗ್ತಿದ್ದೀನಿ" ಎಂದರು. ಬೇರೆ ಸೀಸೆಗಳ ಚೀಟಿಯನ್ನೆಲ್ಲ ನೀರಿಗೆ ಹಾಕಿದೆ. ನವಿಲುನೀಲಿಯಲ್ಲಿ ನನ್ನ ಹೆಸರು ಬರೆದೆ. ನನ್ನ ಅಕ್ಷರ ಚೆಂದ ಎಂದು ನನಗೆ ಮೊದಲಿಂದಲೂ ಗರ್ವ. ಆ ಮಂಕು ಇಂಕಿನಲ್ಲಿ ಅದು ಕಾಣುವುದಿಲ್ಲ ಎಂದು ಕೊರಗು. ಅವತ್ತು ನನ್ನ ಹೆಸರು ಎಷ್ಟು ಚೆಂದ ಬಂದಿತ್ತೆಂದರೆ — ಅದನ್ನು ನೀರಿಗೆ ಹಾಕಲು ಮನಸ್ಸು ಬರಲಿಲ್ಲ. ಅಷ್ಟೇ ಕಾರಣ. ಸಾಹೇಬರು ಹೆದರಿಸಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಚೀಟಿಯನ್ನು ರವಿಕೆಯೊಳಗೆ ಸೇರಿಸಿಕೊಂಡು "ನೀರಲ್ಲೂ ನೋಡಲಾಗಿದೆ" ಎಂದು ಬರೆದೆ.

ಪೈಪು ಒಡೆದ ವಾರ ಅಣ್ಣ ಒಂದೇ ಸಲ ಕೇಳಿದರು. "ತಂಗಿ, ಆ ನೀಲಿ ಚೀಟಿ ಎಲ್ಲಿದೆ?" "ಕಳೆದುಹೋಯ್ತು ಅಣ್ಣಾ." ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಸರಿ" ಎಂದರು. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಅದು ಅವರಿಗೆ ಗೊತ್ತಿತ್ತು. ಆದರೆ ಕಾಯಂ ಆದ ಮೇಲೆ? ಮಕ್ಕಳು ದೊಡ್ಡವರಾದ ಮೇಲೆ? ಆಗಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಹೊಟ್ಟೆಪಾಡು ಕಾರಣವಲ್ಲ. ಜಂಬ ಕಾರಣ.

ಅಣ್ಣಾ, ನಿಮ್ಮ ಮೇಲೂ ನನಗೆ ಕೋಪವಿದೆ. ಫೋಟೋದಲ್ಲಿ ಹಾಗೆ ನಗಬೇಡಿ. ಯಾಕೆ "ಸರಿ" ಎಂದಿರಿ? ಕಪಾಳಕ್ಕೆ ಒಂದು ಬಿಟ್ಟಿದ್ದರೆ ಅವತ್ತೇ ಒಪ್ಪಿಕೊಳ್ಳುತ್ತಿದ್ದೆ. ನಿಮ್ಮ ಆ ಒಂದು "ಸರಿ"ಯನ್ನು ನಾನು ಇಪ್ಪತ್ತಾರು ವರ್ಷ ಹೊತ್ತಿದ್ದೇನೆ. ನಿಮ್ಮ ಹೆಂಡತಿ ಹೊತ್ತಿದ್ದಾರೆ. ನಿಮ್ಮ ಮಗಳು ಶಾಲೆಯಲ್ಲಿ "ನೀರಿನವನ ಮಗಳು" ಅನ್ನಿಸಿಕೊಂಡು ಬೆಳೆದಳು. ಸುಮ್ಮನಿರುವುದು ದೊಡ್ಡತನ ಎಂದು ಯಾರು ಹೇಳಿದರು ನಿಮಗೆ?

ಮೊನ್ನೆ, ಅಣ್ಣನನ್ನು ಕಳಿಸಿಕೊಟ್ಟು ಬಂದ ಮೇಲೆ, ಈ ಹುಡುಗಿ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಹಿಡಿದು ಕೇಳಿದಳು. "ಅತ್ತೇ, ಅಪ್ಪ ನಿಜವಾಗ್ಲೂ ಪರೀಕ್ಷೆ ಮಾಡಿರ್ಲಿಲ್ವಾ? ನಿಮಗೆ ಗೊತ್ತಿರುತ್ತೆ." ನಾನೇನೆಂದೆ? "ನೆನಪಿಲ್ಲ ಮಗಳೇ, ಹಳೇ ಮಾತು." ಸತ್ತವರ ಮನೆಯಲ್ಲಿ ನಿಂತು ಮತ್ತೊಂದು ಸುಳ್ಳು! ಆ ರಾತ್ರಿ ಪೆಟ್ಟಿಗೆಯಲ್ಲಿ ಮಕ್ಕಳ ಅಂಕಪಟ್ಟಿಗಳ ಕೆಳಗಿಂದ ಚೀಟಿ ತೆಗೆದೆ. ಇವತ್ತು ಸಭೆ ಮುಗಿದ ಮೇಲೆ ಅತ್ತಿಗೆಯ ಕೈಗೆ ಗುಟ್ಟಾಗಿ ಕೊಟ್ಟು ಹೋಗೋಣ ಎಂದು ತಂದಿದ್ದೆ. ಗುಟ್ಟಾಗಿ! ಸಾಹೇಬರೇ, ನೀವು ಆ ಸಾಲು ಓದಿದ್ದು ಒಳ್ಳೆಯದಾಯಿತು.

ಆ ನಿರ್ಣಯ ಇಲ್ಲಿ ಕೊಡಿ. ಇದು ಕೆಂಪು ಪೆನ್ನು. ತಿದ್ದುಪಡಿಗೆ ಕೆಂಪು, ಅಣ್ಣ ಕಲಿಸಿದ್ದು. "ಶಾಯಿಯ ಆಯ್ಕೆಯಲ್ಲಿ" ಎಂಬಲ್ಲಿಂದ "ಬಿಟ್ಟರೆ" ಎಂಬಲ್ಲಿಯವರೆಗೆ — ಗೀಟು ಹೊಡೆದಿದ್ದೇನೆ. ಈಗ ಇದು ನೀಲಿಗಪ್ಪು, ಅಣ್ಣನದೇ ಸೀಸೆಯದು. ಅಂಚಿನಲ್ಲಿ ಬರೆಯುತ್ತಿದ್ದೇನೆ: "ಸದರಿ ಲೋಪ ನನ್ನದು." ಕೆಳಗೆ ನನ್ನ ರುಜು. ಮಂಕಾಗಿ ಕಾಣುತ್ತಿದೆ, ಅಲ್ಲವೇ? ಒಂದು ವಾರ ತಡೆಯಿರಿ.

ಮೊಮ್ಮಗಳೇ, ಅಳಬೇಡ. ಇಲ್ಲಿ ಬಾ. ಭಾಷಣಕಾರರಿಗೆಂದು ಇಟ್ಟ ಆ ನೀರಿನ ಲೋಟವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿ.

ಅತ್ತಿಗೆ, ಇದು ಆ ಚೀಟಿ. ಕತ್ತಲಲ್ಲಿ ಇಟ್ಟಿದ್ದಕ್ಕೆ ಬಣ್ಣ ಒಂದಿಷ್ಟೂ ಮಾಸಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಮಾಡಬೇಕಿದ್ದ ಪರೀಕ್ಷೆಯನ್ನು ಈಗ ಮಾಡುತ್ತಿದ್ದೇನೆ. ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ಕೊಡುವುದು ಬಿಡುವುದು ನಿಮ್ಮಿಷ್ಟ.

ಇಗೋ, ಹಾಕಿದೆ.

ನೋಡಿ, ಇಳಿಯುತ್ತಿದೆ. ನನ್ನ ಹೆಸರಿಗೆ ಈಜು ಬರುವುದಿಲ್ಲ.

ಎಲ್ಲರೂ ಎದ್ದು ನಿಲ್ಲಿ. ಗಡಿಯಾರ ನೋಡುವುದು ಬೇಡ. ಈ ಚೀಟಿ ಪೂರ್ತಿ ಬೆಳ್ಳಗಾಗುವವರೆಗೆ ಮೌನವಾಗಿ ನಿಲ್ಲೋಣ.