ಕೆಟ್ಟ ದಿನವನ್ನೇ ಹೇಳಬೇಕು

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಒಂದು ಪುಟ್ಟ ಊರು. ಅಲ್ಲಿ, ಅಂಗವಿಕಲರ ನೆರವನ್ನು ಮರುಪರಿಶೀಲಿಸುವ ಕಚೇರಿಯಲ್ಲಿ ಹೇಝಲ್ ಸರದಿಗೆ ಕಾಯುತ್ತಿದ್ದಳು. ಅವಳ ಊರುಗೋಲು ಸುಮ್ಮನೆ ನೆಲ ಕುಟ್ಟುತ್ತಲೇ ಇತ್ತು. ಎದುರಿಗೆ ಗಾಲಿಕುರ್ಚಿಯಲ್ಲಿ ನಲವತ್ತರ ಆಸುಪಾಸಿನ ಮಗ, ಪಕ್ಕದಲ್ಲಿ ಅವನ ಮುದಿ ತಾಯಿ. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಫರ್ಗಸ್, ಒಳಗೆ ನಿನ್ನ ಅತಿ ಕೆಟ್ಟ ದಿನ ಹೇಗಿರುತ್ತೋ ಅದನ್ನೇ ಹೇಳ್ಬೇಕು. ಭಾನುವಾರ ಕೇಕ್ ಮಾಡ್ದೆ ಅಂತ ಬಾಯಿ ಬಿಟ್ಟೀಯ, ಜೋಕೆ!”

“ಆ ಕೇಕನ್ನ ಚರ್ಚಿನವರಿಗೆಲ್ಲ ಹಂಚಿ ಮೆರೆದಿದ್ದು ಯಾರಮ್ಮಾ?”

“ಅಲ್ಲಿ ಮೆರೀಬಹುದು, ಇಲ್ಲಲ್ಲ. ಹೋದ ಸಲ ‘ಎಲ್ಲಾ ನಾನೇ ಮಾಡ್ಕೋತೀನಿ’ ಅಂದೆ. ಏನಾಯ್ತು? ಬೆಳಗಿನ ಸಹಾಯಕಿ ಬರೋದೇ ನಿಂತೋಯ್ತು.”

“ಅವತ್ತಿಂದ ನನ್ನ ಎತ್ತಿ ಸ್ನಾನ ಮಾಡಿಸ್ತಿರೋದು ನೀನು.”

“ನನಗೇನು ಧಾಡಿ?”

“ಬಚ್ಚಲಲ್ಲಿ ಇಬ್ರೂ ಬಿದ್ವಲ್ಲ? ಪಕ್ಕದ್ಮನೆಯವ್ರು ಬರೋ ತನಕ ನೆಲದ ಮೇಲೇ ಇದ್ವಿ. ಅದನ್ನೇ ಹೇಳ್ತೀನಿ.”

“ಹೇಳಿ ನೋಡು! ಅಮ್ಮನ ಕೈಲಾಗಲ್ಲ ಅಂತ ನಿನ್ನ ಎಲ್ಲಾದ್ರೂ ಆಶ್ರಮಕ್ಕೆ ಹಾಕಿದ್ರೆ?”

“ಹಾಕೋಕೆ ನಾನೇನು ಸಾಮಾನಾ? ನನ್ನ ಕೇಳ್ದೆ ಹಾಗೆಲ್ಲ ಮಾಡೋಹಾಗಿಲ್ಲ, ಕಾನೂನಿದೆ.”

ಬಾಗಿಲು ತೆರೆದು ಯಾರೋ ಫರ್ಗಸ್‌ನ ಹೆಸರು ಕೂಗಿದರು. ತಾಯಿ ಸೊಂಟ ಹಿಡಿದುಕೊಂಡು ಎದ್ದಳು. ಮರುಕ್ಷಣವೇ ಕೈ ತೆಗೆದು, ಬೆನ್ನು ನೆಟ್ಟಗೆ ಮಾಡಿ, ಏನೂ ಆಗಿಲ್ಲದವಳಂತೆ ಹೆಜ್ಜೆಯಿಟ್ಟಳು.

ಹಿಂದೆಯೇ ಗಾಲಿ ಉರುಳಿಸುತ್ತ ಮಗ ಗದರಿದ್ದು ಹೇಝಲ್‌ಗೆ ಕೇಳಿಸಿತು.

“ಅಮ್ಮಾ, ಇಲ್ಲಿ ಮೆರೀಬೇಡ. ಮನೇಲಿ ಹೇಗೆ ಕುಂಟ್ತೀಯೋ ಹಾಗೇ ಕುಂಟು.”