ಆ ದೊಡ್ಡ ಕ್ಯಾಮೆರಾ ನಮಗೆ ಬೇಡ

...ಅದೆಲ್ಲ ಆಮೇಲೆ ಹೇಳ್ತೀನಿ, ಮೊದಲು ಬಾಗಿಲು ಹಾಕು ತಿಲ್ಕಾ. ಕಿಟಕೀನೂ ಹಾಕು. ನಿನ್ನ ಎದುರುಮನೆಯೋಳು ಬೆಳಿಗ್ಗೆಯಿಂದ ಅದೇ ಒಂದು ಜಮಖಾನ ಕೊಡವ್ತಾ ನಿಂತಿದ್ದಾಳೆ, ಅದರಲ್ಲಿ ಇನ್ನೇನು ಧೂಳು ಉಳಿದಿರುತ್ತೆ? ಕಿವಿ ಮಾತ್ರ ಈ ಕಡೆ. ಹತ್ತಿರ ಬಾ. ಮೆತ್ತಗೆ ಮಾತಾಡೋಣ. ನಾನು ಹೇಳೋದು ಈ ಅಡುಗೆಮನೆ ಹೊಸಿಲು ದಾಟಕೂಡದು. ನಿನ್ನ ಮೊಮ್ಮಗಳ ಮೇಲೆ ಆಣೆ ಮಾಡು. ಯಾಕೆ ನಗ್ತೀಯ? ನೆಷ್ಕಾ ಬಾಯಲ್ಲಿ ಗುಟ್ಟಾ ಅಂತಾನಾ? ನಗು, ನಗು. ಇಷ್ಟು ವಯಸ್ಸಾಯ್ತು, ನಾನು ಸುಳ್ಳು ಹೇಳಿದ್ದು ಯಾರಾದರೂ ಕೇಳಿದ್ದಾರಾ? ಒಂಚೂರು ಉಪ್ಪು ಖಾರ ಹಾಕಿರಬಹುದು. ಸಪ್ಪೆ ಮಾತು ಯಾರಿಗೆ ಬೇಕು.

ವಿಷಯ ಏನಪ್ಪಾ ಅಂದ್ರೆ, ಇವತ್ತು ಸಂಜೆ ಫೈರ್ ಸ್ಟೇಷನ್ ಹಾಲ್‌ನಲ್ಲಿ ನಮ್ಮ ಬೆಟ್ಟ ಹತ್ತೋ ಸಂಘದ ಸಭೆ ಇದೆಯಲ್ಲ. ಸಂಘಕ್ಕೆ ಯಾವ ಕ್ಯಾಮೆರಾ ಕೊಳ್ಳೋದು, ಚಿಕ್ಕದೋ ದೊಡ್ಡದೋ. ಕಮಿಟಿಯಲ್ಲಿ ಇಬ್ಬರು ಚಿಕ್ಕದು ಅಂತಾರೆ, ಇಬ್ಬರು ಆ ದೊಡ್ಡದು, ಅದೇನು ಎಸ್ಸೆಲ್ಲಾರ್ ಅಂತೆ, ಹೊಟ್ಟೆಯೊಳಗೆ ಕನ್ನಡಿ ಇರೋದು, ಅದೇ ಆಗಬೇಕು ಅಂತಾರೆ. ಉಳಿದವಳು ನೀನು. ನೀನು ಈಗಲೇ ಬೊಗೊಮಿರ್ ಮೇಷ್ಟ್ರಿಗೆ ಫೋನ್ ಮಾಡಿ, ಚಿಕ್ಕದೇ ಸಾಕು, ಫೋಟೋಗೀಟೋ ಹೊತ್ಕೊಂಡು ಬರೋದು ಬೇಡ ಅಂದುಬಿಡು. ಮುಗೀತು. ಸಭೆಗೆ ಬಂದೋರು ಟೀ ಕುಡಿದು ಮನೆಗೆ ಹೋಗಲಿ.

ಯಾಕೆ ಬೇಡ ಅಂತ ಕೇಳ್ತೀಯಾ? ನೀನೂ ಬಂದಿದ್ಯಲ್ಲೇ ಹೋದ ವಾರ, ಕಣ್ಣಾರೆ ನೋಡಿಲ್ವಾ? ಎರಡು ಕ್ಯಾಮೆರಾನೂ ಒಂದೇ ಸಲ ಪರೀಕ್ಷೆ ಮಾಡ್ತೀನಿ ಅಂತ ಅಳಿಯನ ಹತ್ರ ಆ ದೊಡ್ಡದನ್ನ ಎರವಲು ತಂದಿದ್ದರು ಮೇಷ್ಟ್ರು. ಕುತ್ತಿಗೆಗೆ ಕಲ್ಲು ಕಟ್ಟಿಕೊಂಡ ಹಾಗೆ ಬಗ್ಗಿ ನಡೀತಿದ್ದರು. ಹುಲ್ಲುಗಾವಲಲ್ಲಿ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದು ಲೆನ್ಸ್ ತೆಗೆದರು, ಇನ್ನೊಂದು ಹಾಕಿದರು, ಅದನ್ನ ಒರೆಸಿದರು, ತಿರುಗಿಸಿದರು, ಮತ್ತೆ ತೆಗೆದರು. ಗಾಳಿಗೆ ನಿಮ್ಮ ಹಲ್ಲೆಲ್ಲ ತಣ್ಣಗಾಯ್ತು, ನಗು ಮುಖದ ಮೇಲೇ ಒಣಗಿಹೋಯ್ತು. ಇನ್ನು ಆ ಲೆನ್ಸಿನ ಚೀಲ ಹೊತ್ತಿದ್ದು ಯಾರು? ಅಂಚೆ ಕಚೇರಿ ವಿಧವೆ. ಮನೆಗೆ ಹಾಲಿನ ಪೊಟ್ಟಣ ತರೋಕೆ ಕೈ ನೋವು ಅನ್ನೋಳಿಗೆ ಅವತ್ತು ಅದು ಹೂವಿನ ಬುಟ್ಟಿ ಆಗಿತ್ತು. ಇಬ್ಬರೂ ಹಿಂದೆ ಹಿಂದೆ ಉಳೀತಿದ್ದರು. ಬೆಳಕು ಸರಿ ಇಲ್ಲ, ಕಾಯ್ತಿದ್ದೀವಿ ಅಂತಿದ್ದರಂತೆ. ಬೆಳಕಿಗೆ ಕಾಯೋರು ಪೊದೆ ನೆರಳಲ್ಲಿ ಯಾಕೆ ಕೂರಬೇಕು, ಹೇಳು.

ಚಿಕ್ಕದು ನೋಡು, ಎಷ್ಟು ಮರ್ಯಾದಸ್ಥ ವಸ್ತು. ಏಪ್ರನ್ ಜೇಬಲ್ಲಿ ಹಾಕಿದರೆ ಕರ್ಚೀಫಿನ ಪಕ್ಕ ಮಲಗಿರುತ್ತೆ. ಮಳೆ ಬಂತಾ, ಒಳಗಿಟ್ಟೆ. ಚೆನ್ನಾಗಿರೋದು ಕಂಡಿತಾ, ಹೊರಗೆ ತೆಗೆದೆ, ಒತ್ತಿದೆ. ಬೆಟ್ಟ ಹತ್ತೋರಿಗೆ ಒಂದು ಕೈಲಿ ಕೋಲು ಬೇಕು, ಇನ್ನೊಂದು ಕೈ ಬಂಡೆ ಹಿಡ್ಕೊಳೋಕೆ ಬೇಕು. ಆ ದೊಡ್ಡದಕ್ಕೇ ಎರಡು ಕೈ ಬೇಕಲ್ಲ, ಕಾಲು ಜಾರಿದರೆ ಏನು, ಕ್ಯಾಮೆರಾ ಬಂದು ಎತ್ತುತ್ತಾ? ಬೆಲೆಯ ಮಾತು ನಾನು ಎತ್ತೋದೇ ಇಲ್ಲ. ಏನಂದೆ? ದೊಡ್ಡದರಲ್ಲಿ ಚಿತ್ರ ಸ್ಪಷ್ಟ ಬರುತ್ತೆ ಅಂತಾನಾ? ಸ್ಪಷ್ಟ ಯಾರಿಗೆ ಬೇಕು ಮಾರಾಯ್ತಿ! ನಮ್ಮ ವಯಸ್ಸಿನೋರ ಕುತ್ತಿಗೆಯ ಒಂದೊಂದು ಗೆರೇನೂ ಎಣಿಸಬೇಕಾ? ನೆನಪಿಗೆ ಒಂದು ಚಿತ್ರ ಸಾಕು. ನೀವು ಕಾಣಿಸಿದರೆ ಸಾಕು, ಹಿಂದಿನ ಕಾಡು ಯಾಕೆ ಎಲೆ ಎಲೆ ಎಣಿಸೋ ಹಾಗೆ ಬರಬೇಕು? ಚಿಕ್ಕದರಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ, ಮುಂದೆ ನೀವೆಲ್ಲ, ಹಿಂದೆ ಹಸಿರು, ಅದಂತೂ ಯಾವುದೋ ಕೆಂಪು ಹಣ್ಣಿನ ಗಿಡ ಅನ್ನಿಸುತ್ತೆ ಅಷ್ಟೇ.

ಅದು ಅಂದ್ರೆ ಯಾವುದು ಅಂತಾನಾ?

ಯಾವುದೂ ಇಲ್ಲ. ಗಿಡ. ಗಿಡ ಅಂದೆನಲ್ಲ. ಮಾತಿನ ಮಧ್ಯೆ ಬಾಯಿ ಹಾಕಬೇಡ, ನನಗೆ ಎಳೆ ತಪ್ಪಿಹೋಗುತ್ತೆ. ಆ ಕಾಫಿ ಉಕ್ಕುತ್ತೆ ನೋಡು, ಇಳಿಸು.

ಫೋಟೋ ನಾನು ಎಲ್ಲಿ ನೋಡಿದೆ ಅಂತಾನಾ? ಜಾಮ್ ಬಾಟಲಿ ವಾಪಸ್ ಕೊಡೋಕೆ ಮೇಷ್ಟ್ರ ಮನೆಗೆ ಹೋಗಿದ್ದೆ. ಗೋಡೆಗೆ ಒರಗಿಸಿಟ್ಟಿದ್ದರು. ಆ ದೊಡ್ಡದರ ಚಿತ್ರಾನ ಬಾಗಿಲಷ್ಟು ಅಗಲ ಮಾಡಿಸಿದ್ದಾರೆ. ಚಿಕ್ಕದರದ್ದನ್ನೂ ಅಷ್ಟೇ ದೊಡ್ಡದು ಮಾಡಿಸಿ, ಎರಡನ್ನೂ ಅಕ್ಕಪಕ್ಕ ನೇತು ಹಾಕ್ತಾರಂತೆ, ಊರವರೇ ನೋಡಿ ಹೇಳಲಿ ಅಂತ. ಊರವರು! ಅವರಿಗೆ ಕ್ಯಾಮೆರಾ ಬಗ್ಗೆ ಏನು ಗೊತ್ತು? ಮೂಗು ತಾಗಿಸಿ ನೋಡ್ತಾರೆ, ಅದು ಯಾರು, ಇದು ಏನು ಅಂತ. ಪಕ್ಕದೋರ ಮನೆ ವಿಷಯ ಅಂದ್ರೆ ಪ್ರಾಣ ಬಿಡೋ ಜನ. ನನಗೆ ಅಂಥೋರನ್ನ ಕಂಡರಾಗಲ್ಲ.

ಇದೆಲ್ಲ ಎಬ್ಬಿಸಿರೋದು ನಿಮ್ಮಕ್ಕ ಕಣೇ. ಅಮಾಲಿಯಾ. ನನ್ನ ಪಕ್ಕದ ಮನೆಯೋಳಾಗಿ ಇಷ್ಟು ವರ್ಷ ನಂಜೊತೆ ಉಂಡು ತಿಂದೋಳು. ಅವಳೂ ಆ ಚಿತ್ರ ನೋಡಿದಾಳೆ. ದೊಡ್ಡ ಕ್ಯಾಮೆರಾನೇ ಆಗಬೇಕು, ಚಿತ್ರ ಹಾಲ್‌ನಲ್ಲಿ ತೂಗು ಹಾಕಲೇಬೇಕು ಅಂತ ಮೇಷ್ಟ್ರಿಗೆ ಹೇಳಿ ಬಂದಿದಾಳೆ. ನೀನು ಅವಳ ಕಡೆ ಸೇರ್ತೀಯಾ? ನಿನ್ನನ್ನ ಕಳ್ಳಿ ಅಂದೋಳು ಅವಳು. ನಿಮ್ಮಮ್ಮ ನಿಮ್ಮಿಬ್ಬರಿಗೆ ಮಾತ್ರ ತೋರಿಸಿದ್ದ ಅಣಬೆ ಜಾಗ, ಆ ಹಳ್ಳದ ಆಚೆ ಪೈನ್ ಮರಗಳ ಕೆಳಗೆ... ಜೊತೆಗೇ ಹೋಗಬೇಕು, ಒಬ್ಬಳೇ ಹೋಗಕೂಡದು ಅಂತ ಅಮ್ಮನ ಕಟ್ಟಪ್ಪಣೆ. ಒಂದು ಶರತ್ಕಾಲ ಅಮಾಲಿಯಾ ನಿಂಜೊತೆ ಹೋಗಿ ನೋಡಿದರೆ ಒಂದು ಅಣಬೇನೂ ಇಲ್ಲ, ಬುಡ ಕೊಯ್ದ ಗುರುತು ಮಾತ್ರ. ಮುಂದಿನ ವರ್ಷವೂ ಹಾಗೇ. ಜಾಗ ಗೊತ್ತಿರೋದು ಇಬ್ಬರಿಗೆ, ಒಬ್ಬಳು ತಾನು, ಇನ್ನೊಬ್ಬಳು ನೀನು. ಲೆಕ್ಕ ಹಾಕಿದಳು, ಬಾಗಿಲು ಮುಚ್ಚಿದಳು. ನೀನು ಅಳ್ತಾ ಇದೇ ಕುರ್ಚಿಯಲ್ಲಿ ಕೂತಿದ್ದಾಗ ನಿನಗೆ ಪೊತಿತ್ಸಾ ಸಿಹಿ ರೊಟ್ಟಿ ಮಾಡಿ ತಂದೋಳು ಯಾರು? ಅಕ್ರೋಟು ತುಂಬಿದ್ದು, ಇನ್ನೂ ಬಿಸಿ ಬಿಸಿ. ನಾನು.

ಅವಳಿಗೆ ಹೇಳಿದ್ದು ನಾನೇ ಅಂತ ನಿನಗೆ ಯಾರು ಹೇಳಿದರು?

ನಾನು ಕಂಡಿದ್ದು ಹೇಳಿದೆ. ನಿನ್ನ ಬಾಲ್ಕನಿಯಲ್ಲಿ ನೀನು ಅಣಬೆ ಹೋಳು ದಾರಕ್ಕೆ ಪೋಣಿಸಿ ಒಣಗ ಹಾಕಿದ್ದೆ, ಹೌದೋ ಇಲ್ಲವೋ? ಅಷ್ಟೇ ಹೇಳಿದೆ. ಅದು ಸಂತೆಯಲ್ಲಿ ಕೊಂಡಿದ್ದು ಅಂತ ನನಗೇನು ಗೊತ್ತು. ಕೊಂಡಿದ್ದಲ್ಲ ಅಂತ ನಾನು ಅಂದೆನಾ? ಅವಳೇ ಅಂದುಕೊಂಡಳು. ಬೇರೆಯವರು ಅಂದುಕೊಳ್ಳೋದಕ್ಕೆಲ್ಲ ನಾನು ಹೊಣೆಯಾ?

ಯಾಕೆ ಹಾಗೆ ನೋಡ್ತೀಯ?

ನನ್ನ ತಲೆವಸ್ತ್ರದಲ್ಲಿ ಏನಿದೆ? ಕೆಂಪು ವಸ್ತ್ರ. ಈ ಊರಲ್ಲಿ ಕೆಂಪು ವಸ್ತ್ರ ಇರೋಳು ನಾನೊಬ್ಬಳೇನಾ? ಸರಿ, ಈಗ ಒಬ್ಬಳೇ ಇರಬಹುದು, ಬೇರೆಯವರೆಲ್ಲ ಉಣ್ಣೆ ಟೋಪಿಗೆ ಬಿದ್ದಿದ್ದಾರೆ. ಅವತ್ತು ನನಗೆ ಮಂಡಿ ನೋವಿತ್ತು. ಬೆಟ್ಟದ ಮೇಲಿನ ಹೋಟೆಲಿನ ಬೆಂಚಲ್ಲಿ ಕೂತು ಬಾರ್ಲಿ ಸಾರು ಕುಡೀತೀನಿ, ನೀವು ಹೋಗ್ಬನ್ನಿ ಅಂದೆ. ಕುಡಿದೆ. ಕುಡಿದ ಮೇಲೆ ನೋವು ಕಮ್ಮಿಯಾಯ್ತು. ಮಂಡಿ ನನ್ನದು, ಅದಕ್ಕೆ ಯಾವಾಗ ನೋಯಬೇಕೋ ಅದು ನೋಯುತ್ತೆ. ಹಳ್ಳ ಇಳಿದು ಆ ಕಡೆ ಹೋಗಿ ಒಂಚೂರು ಬಗ್ಗಿದರೆ ಏನಾಯ್ತು? ಕಾಡಿಗೆ ಬೀಗ ಇದೆಯಾ? ನಿಮ್ಮಮ್ಮ ಆ ಅಣಬೆಗೆ ನೀರು ಹಾಕಿ ಬೆಳೆಸಿದ್ದಳಾ? ಅವಳು ಬುಟ್ಟಿ ತುಂಬಿಸಿಕೊಂಡು ನನ್ನ ಬೇಲಿ ಪಕ್ಕವೇ ಹಾದು ಹೋಗೋಳು ವರ್ಷಾ ವರ್ಷಾ, ಅಂಗೈಯಗಲದ ಕಂದು ತಲೆ, ಮಗುವಿನ ತೋಳಿನ ಹಾಗೆ ದಪ್ಪ ಕಾಂಡ. ಎಲ್ಲಿ ಸಿಕ್ಕಿತು ಅಂದ್ರೆ, ಕಾಡಲ್ಲಿ ಅನ್ನೋಳು. ಕಾಡಲ್ಲಿ ಅಂತೆ! ನಾನೇನು ಸಮುದ್ರದಲ್ಲಿ ಅಂದುಕೊಂಡಿದ್ದೆನಾ? ಒಂದು ದಿನ ಹಿಂದೆ ಹೋದೆ. ಅಷ್ಟೇ. ಯಾರಾದರೂ ಹೋಗ್ತಿದ್ದರು.

ಆ ದರಿದ್ರ ಕ್ಯಾಮೆರಾ. ಹಳ್ಳದ ಆಚೆ, ಅಷ್ಟು ದೂರ, ಮರದ ನೆರಳಲ್ಲಿ, ಕಣ್ಣಿಗೇ ಕಾಣದ್ದನ್ನ ಅದಕ್ಕೆ ಯಾರು ನೋಡು ಅಂದರು? ನೀನು ಮುಂದೆ ನಗ್ತಾ ನಿಂತಿದೀಯ, ನಿನ್ನ ಭುಜದ ಮೇಲೆ ಸರಿಯಾಗಿ ನಾನು. ಬುಟ್ಟಿಯ ಹೆಣಿಗೆ ಸಮೇತ ಕಾಣುತ್ತೆ.

ಬೈಯೋದಿದ್ದರೆ ಬೈಯೇ ತಿಲ್ಕಾ. ಬೈಯಿ. ಕಾಫಿ ಆರೋಗ್ತಿದೆ. ಫೋನ್ ಅಲ್ಲೇ ಇದೆ ನೋಡು, ಒಂದು ಮಾತು, ಚಿಕ್ಕದು ಸಾಕು ಅಂತ...

ಬೇಡವಾ. ಕೋಟು ಯಾಕೆ ತಗೊಂಡೆ? ಅವಳ ಮನೆಗಾ?

ನಿಲ್ಲು. ಬಾಗಿಲು ತೆಗೀಬೇಡ. ಅವಳು ಬೆಳಿಗ್ಗೆ ನನ್ನ ಗೇಟಿಗೆ ಬಂದಿದ್ದಳು. ಚೀರಾಡ್ತಾಳೆ, ಊರು ಸೇರಿಸ್ತಾಳೆ ಅಂದುಕೊಂಡು ನಾನೂ ಸೊಂಟಕ್ಕೆ ಕೈ ಕೊಟ್ಟು ಸಿದ್ಧವಾಗಿ ನಿಂತಿದ್ದೆ. ಚೀರಿದ್ದರೆ ನಾನು ಬಿಡ್ತಿದ್ದೆನಾ? ಚೀರಲಿಲ್ಲ. ಗೇಟಿನ ಸರಳು ಹಿಡ್ಕೊಂಡು ಮೆಲ್ಲಗೆ ಹೇಳಿದಳು. ಅವಳು ಅಂದಿದ್ದನ್ನ ನಾನು ಯಾರ ಹತ್ರಾನೂ ಹೇಳಬಾರದು ಅಂತಿದ್ದೆ. ಕೇಳಿಬಿಟ್ಟು ಹೋಗು.

"ಅಣಬೆ ಮಳೆ ಬಿದ್ದರೆ ಮತ್ತೆ ಏಳುತ್ತೆ ನೆಷ್ಕಾ. ಅಮ್ಮನ್ನ ಮಣ್ಣು ಮಾಡಿದ ದಿನ ತಿಲ್ಕಾ ಗುಂಡಿಯ ಆ ಕಡೆಯಿಂದ ಅಳ್ತಾ ನನ್ನ ಕಡೆ ಕೈ ಚಾಚಿದಳು. ನಾನು ಹೋಗ್ತಿದ್ದೆ. ಹೆಜ್ಜೆ ಎತ್ತಿದ್ದೆ. ನನ್ನ ತೋಳು ಹಿಡಿದು ನಿಲ್ಲಿಸಿದೋಳು ನೀನು" ಅಂದಳು.